ಲ್ಯಾಪ್‌ಟಾಪ್ ಒಳಗೆ 1983ರ ಪಿಯಾನೋ ಸದ್ದು

ಪದ್ಮನಾಭನಗರದಲ್ಲಿ ಮಹಡಿ ಮೇಲೊಂದು ಬಾಡಿಗೆ ರೂಮು, ಲ್ಯಾಪ್‌ಟಾಪು, ಪುಟ್ಟ ಮಿಡಿ ಕೀಬೋರ್ಡು ಇದ್ರೆ ಇವತ್ತು ಹಾಡು ರೆಡಿ. ಆದ್ರೆ ‘ಪ್ರೇಮಲೋಕ’ ಬಂದ 80ರ ದಶಕದ, ಗಾಜು ತಟ್ಟಿದ ಹಾಗೆ ಟಿಣ್ ಅನ್ನೋ ಎಲೆಕ್ಟ್ರಿಕ್ ಪಿಯಾನೋ ಬೇಕಂದ್ರೆ?

ಆ ಸದ್ದನ್ನ ಜಗತ್ತಿಗೆಲ್ಲ ಹಬ್ಬಿಸಿದ್ದು 1983ರಲ್ಲಿ ಬಂದ ಯಮಹಾ ಡಿಎಕ್ಸ್7. ಹಳೇ ಯಂತ್ರ ಕೆಟ್ಟರೆ ಎಸ್‌ಪಿ ರೋಡ್ ಪೂರ್ತಿ ಸುತ್ತಿದರೂ ಅದರ ಚಿಪ್ ಸಿಗೋದು ಡೌಟು. ಮಜಾ ಏನಂದ್ರೆ, ಅದರೊಳಗೆ ರೆಕಾರ್ಡ್ ಮಾಡಿಟ್ಟ ಪಿಯಾನೋನೇ ಇಲ್ಲ, ಇರೋದೆಲ್ಲ ಲೆಕ್ಕ. ಪ್ರತಿ ಸ್ವರಕ್ಕೆ ಆರು ಸೈನ್ ಅಲೆಗಳು. ಕೆಲವು ಅಲೆಗಳು ಉಳಿದವನ್ನ ಅಲುಗಾಡಿಸ್ತವೆ. ಅವನ್ನ ಜೋಡಿಸೋ ಕ್ರಮ 32. ಕೀಲಿ ಜೋರಾಗಿ ಒತ್ತಿದ್ರೆ ಅಲುಗಾಟ ಹೆಚ್ಚಿ ಸದ್ದಿನ ಬಣ್ಣವೇ ಬದಲಾಗುತ್ತೆ.

ಲೆಕ್ಕ ಅಂದ್ಮೇಲೆ ಕಂಪ್ಯೂಟರ್ರೂ ಮಾಡಬಹುದಲ್ವಾ? ಅದೇ ಎಮ್ಯುಲೇಷನ್. ಸ್ಯಾಂಪಲ್ ಲೈಬ್ರರಿಗೆ ಎಷ್ಟೋ ಜಿಬಿ ಜಾಗ ಬೇಕು. ‘ಡೆಕ್ಸೆಡ್’ ಅನ್ನೋ ಉಚಿತ ಪ್ಲಗಿನ್ ಕೆಲವೇ ಎಂಬಿ, ಹಳೇ ಡಿಎಕ್ಸ್7 ಟೋನ್ ಫೈಲ್‌ಗಳನ್ನೂ ಓದುತ್ತೆ.

ಆದ್ರೂ ಕೆಲವರಿಗೆ ಪ್ಲಗಿನ್ ಸಪ್ಪೆ ಅನ್ಸುತ್ತೆ. ಕಾರಣ ಇದೆ. ಹಳೇ ಯಂತ್ರ ಅಂಕಿಗಳನ್ನ ಸದ್ದಾಗಿ ಬದಲಿಸುವಾಗ ಸ್ವಲ್ಪ ಒರಟು; ಆ ಒರಟುತನಾನೂ ಕೇಳೋಕೆ ಚೆಂದ. ಹಾಗಾಗಿ ಡೆಕ್ಸೆಡ್‌ನ ಸೆಟ್ಟಿಂಗ್ಸ್‌ನಲ್ಲಿ ‘ಮಾಡರ್ನ್’ ಬಿಟ್ಟು ‘ಮಾರ್ಕ್ ಒನ್’ ಎಂಜಿನ್ ಆರಿಸಿ, ಅದೇ ಸ್ವರ ಎರಡು ಸಲ ನುಡಿಸಿ ನೋಡಿ. ಫೋನ್ ಸ್ಪೀಕರ್ ಬೇಡ, ಹೆಡ್‌ಫೋನ್ ಹಾಕ್ಕೊಳ್ಳಿ.