ಪೈರು ಮುರಿಯುವ ನೀರುಕೋಳಿ ಯಾವುದು?

ನಾಟಿ ಮುಗಿಯಿತೆಂದರೆ ಕೆರೆಯಂಚಿನ ಗದ್ದೆಯವರಿಂದ ನಮ್ಮ ಕಚೇರಿಗೆ ಬರುವ ದೂರು ಒಂದೇ: “ನೀರುಕೋಳಿ ಪೈರು ಮುರಿದು ಹಾಕಿದೆ.” ಯಾವ ನೀರುಕೋಳಿ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ಉತ್ತರ. ನೀರಿನ ಬಳಿ ಓಡಾಡುವ ಕೋಳಿಯಂಥ ಹಕ್ಕಿಗಳಿಗೆಲ್ಲ ನಾವು ಇದೊಂದೇ ಹೆಸರಿಟ್ಟುಕೊಂಡಿದ್ದೇವೆ. ಹೀಗಾಗಿ ಪೆಟ್ಟು ಬೀಳುವುದು ಅನೇಕ ವೇಳೆ ತಪ್ಪಿಲ್ಲದ ಹಕ್ಕಿಗೆ.

ತೋಟದ ಬೇಲಿಯ ಬುಡದಲ್ಲಿ ಮೋಟುಬಾಲ ಕುಣಿಸುತ್ತ ನಡೆಯುವ ಬಿಳಿ ಎದೆಯದು ಹುಂಡುಕೋಳಿ. ಹುಳುಹುಪ್ಪಟೆ, ಬಸವನಹುಳು ಇದರ ಮುಖ್ಯ ಆಹಾರ. ಮಳೆಗಾಲದ ರಾತ್ರಿ ಕೂಗಿ ಕೂಗಿ ನಿದ್ದೆಗೆಡಿಸುವುದೇ ಇದರ ದೊಡ್ಡ ಅಪರಾಧ! ಕಪ್ಪು ಮೈ, ಹಣೆಯ ಮೇಲೆ ಬಿಳಿ ನಾಮ ಇದ್ದರೆ ಅದು ನಾಮಗೋಳಿ. ಬಾತಿನಂತೆ ನೀರಿನಲ್ಲಿ ಈಜುತ್ತಿರುತ್ತದೆ.

ಪೈರಿಗೆ ನಿಜವಾಗಿ ಕಂಟಕವಾಗಬಲ್ಲದ್ದು ನೇರಳೆ ಜಂಬುಕೋಳಿ. ಊರುಕೋಳಿಯ ಗಾತ್ರ, ನೀಲಿ-ನೇರಳೆ ಮೈ, ಕೆಂಪು ಕೊಕ್ಕು, ಕೆಂಪು ಹಣೆ, ಉದ್ದನೆಯ ಕೆಂಪು ಕಾಲು. ಬಾಲ ಎತ್ತಿದಾಗ ಅಡಿಯಲ್ಲಿ ಬಿಳಿ ಕಾಣುತ್ತದೆ. ದಂಟನ್ನು ಕಿತ್ತು, ಗಿಳಿಯಂತೆ ಕಾಲಿನಲ್ಲಿ ಹಿಡಿದು, ಮೆತ್ತನೆಯ ಭಾಗವನ್ನಷ್ಟೇ ತಿಂದು ಉಳಿದದ್ದನ್ನು ಬಿಸಾಡುತ್ತದೆ. ತಿಂದದ್ದಕ್ಕಿಂತ ಹಾಳು ಮಾಡಿದ್ದೇ ಹೆಚ್ಚು ಎಂಬ ರೈತರ ಮಾತು ಸುಳ್ಳಲ್ಲ.

ಮಲಯಾಳಿಗಳು ಇದನ್ನು ನೀಲಕ್ಕೋಳಿ ಎನ್ನುತ್ತಾರೆ. 1758ರಲ್ಲಿ ಲಿನೇಯಸ್ ಬಳಸಿದ ‘ಪೋರ್ಫಿರಿಯೊ’ ಎಂಬ ಹೆಸರಿನ ಮೂಲವೂ ನೇರಳೆ ಬಣ್ಣವೇ. ಈಚಿನ ವಿಂಗಡಣೆಯಲ್ಲಿ ನಮ್ಮ ದೇಶದ ಹಕ್ಕಿ ಬೇರೆ ಜಾತಿಯಾಗಿ, ‘ಬೂದುತಲೆ’ ಎಂಬರ್ಥದ ‘ಪೋಲಿಯೊಸೆಫಾಲಸ್’ ಆಗಿದೆ. ಎಲ್ಲರೂ ಬಣ್ಣ ನೋಡಿದರೆ ನಮ್ಮ ಹಿರಿಯರು ಮನೆ ನೋಡಿದರು. ಜಂಬು ಎಂದರೆ ಜೊಂಡು. ಅದರ ಊಟ, ಗೂಡು, ಅಡಗುದಾಣ ಎಲ್ಲ ಅಲ್ಲಿಯೇ.

ಪರಿಹಾರವನ್ನೂ ಅಲ್ಲಿಯೇ ಹುಡುಕಬೇಕೆಂಬುದು ನಮ್ಮ ಅಭಿಪ್ರಾಯ. ಗದ್ದೆ ಬಯಲಿಗೆ ಬಸಿಗಾಲುವೆ ತೆಗೆದು ಅಡಿಕೆ ಸಸಿ ಇಡುವ ಭರದಲ್ಲಿ ಕೆರೆಯಂಚಿನ ಜೊಂಡನ್ನೂ ಸವರಿಬಿಟ್ಟರೆ, ಉಳಿದ ಒಂದೆರಡು ಗದ್ದೆಯ ಹೊರತು ಹಕ್ಕಿಗೆ ಹೋಗಲು ಜಾಗವೆಲ್ಲಿ? ಜೌಗು ಬತ್ತಿಸಿದ ಮೇಲೆ, ಹೂಮಳೆ ಕೈಕೊಟ್ಟ ವರ್ಷ ಕಾಫಿಗೆ ಸ್ಪ್ರಿಂಕ್ಲರ್ ಹಾಕಲು ಕೆರೆಯಲ್ಲಿ ನೀರೆಷ್ಟು ಉಳಿದೀತೆಂಬುದನ್ನೂ ಸದಸ್ಯರು ಯೋಚಿಸಬೇಕು.

ಕೋವಿ, ಉರುಳು, ವಿಷದ ಕಾಳಿನ ಯೋಚನೆ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಈ ಹಕ್ಕಿಗೂ ಅನ್ವಯಿಸುತ್ತದೆ. ಪೈರು ಎಳೆಯದಾಗಿರುವಷ್ಟು ದಿನ ಬೆಳಗ್ಗೆ, ಸಂಜೆ ಆಳು ನಿಲ್ಲಿಸಿ ಅಟ್ಟಿಸುವುದು ಲೇಸು. ಇನ್ನು ಮುಂದೆ ದೂರು ಬರೆಯುವ ಸದಸ್ಯರು ಹಕ್ಕಿಯ ಕೊಕ್ಕು ಮತ್ತು ಕಾಲಿನ ಬಣ್ಣವನ್ನು ತಪ್ಪದೆ ನಮೂದಿಸಬೇಕಾಗಿ ಕೋರಿಕೆ.