ಒಂದೇ ನೀಲಿ

ಬಣ್ಣದ ಪೆಟ್ಟಿಗೆಯಲ್ಲಿ ಹನ್ನೆರಡು ಬಿಲ್ಲೆಗಳಿದ್ದರೂ ಚಿತ್ರ ಸೊಗಸಾಗಲಿಲ್ಲವೆಂದು ಕೊರಗುವ ವಿದ್ಯಾರ್ಥಿಗಳುಂಟು. ಅಂಥವರು ಒಂದು ವಾರದ ಮಟ್ಟಿಗೆ ಉಳಿದ ಬಣ್ಣಗಳನ್ನೆಲ್ಲ ಮುಚ್ಚಿಟ್ಟು ನೀಲಿಯೊಂದನ್ನೇ ಬಳಸಿ ನೋಡಬೇಕು. ನಾವು ಒಂದು ಬಣ್ಣವೆಂದು ಕರೆಯುವುದು ಒಂದಲ್ಲ, ಒಂದು ದೊಡ್ಡ ಕುಟುಂಬವೆಂಬುದು ಆಗ ತಿಳಿಯುವುದು.

ಈ ನೀಲಿ ಹಿಂದೆ ಎಲ್ಲರ ಕೈಗೆಟಕುವ ವಸ್ತುವಾಗಿರಲಿಲ್ಲ. ಆಫ್ಘಾನಿಸ್ತಾನದ ಬದಖ್ಶಾನ್ ಪ್ರಾಂತದ ಗಣಿಗಳಿಂದ ತೆಗೆದ ನೀಲಿ ಕಲ್ಲನ್ನು ಅರೆದು ಯುರೋಪಿನ ಚಿತ್ರಕಾರರು ಬಣ್ಣ ಮಾಡಿಕೊಳ್ಳುತ್ತಿದ್ದರು. ಸಮುದ್ರದಾಚೆಯಿಂದ ಬಂದುದೆಂಬ ಅರ್ಥದಲ್ಲಿ ಅದಕ್ಕೆ ‘ಅಲ್ಟ್ರಾಮರೀನ್’ ಎಂದು ಹೆಸರಾಯಿತು. ಅದನ್ನು ಅಗ್ಗವಾಗಿ ತಯಾರಿಸುವವರಿಗೆ 6,000 ಫ್ರಾಂಕುಗಳ ಬಹುಮಾನ ಕೊಡುವುದಾಗಿ 1824ರಲ್ಲಿ ಫ್ರಾನ್ಸಿನ ಸಂಸ್ಥೆಯೊಂದು ಸಾರಿತು. 1828ರಲ್ಲಿ ಆ ಬಹುಮಾನ ಗೀಮೆ ಎಂಬ ರಸಾಯನಶಾಸ್ತ್ರಜ್ಞನಿಗೆ ಸಂದಿತು. ಬಿಳಿಯ ಬಟ್ಟೆಗೆ ಹಾಕುವ ನೀಲಿಪುಡಿಯಲ್ಲಿಯೂ ಈ ಕೃತಕ ವರ್ಣವನ್ನು ಬಳಸುತ್ತ ಬಂದಿದ್ದಾರೆ. ದೊಡ್ಡ ದೊಡ್ಡ ಕಲಾವಿದರು ಅಳೆದು ಸುರಿದು ಬಳಸಿದ ಬಣ್ಣ ಇಂದು ಬಾಲಕರ ಕೈಯಲ್ಲಿದೆ!

ಮೊದಲು ಹಾಳೆಯ ಮೇಲೆ ಏಳು ಪಟ್ಟಿಗಳನ್ನು ಬಳಿಯಿರಿ. ಒಂದೊಂದು ಪಟ್ಟಿಗೂ ಬಣ್ಣದಲ್ಲಿ ಸ್ವಲ್ಪ ಸ್ವಲ್ಪ ನೀರನ್ನು ಹೆಚ್ಚಿಸುತ್ತ ಹೋದರೆ ಕಾಗದದ ಬಿಳುಪು ಹೆಚ್ಚು ಹೆಚ್ಚಾಗಿ ತೋರಿ, ನೀಲಿ ತಿಳಿಯಾಗುತ್ತದೆ. ಬಳಿಕ ಈ ಮೆಟ್ಟಿಲುಗಳಿಂದಲೇ ಬೆಟ್ಟಸಾಲೊಂದನ್ನು ಬರೆಯಿರಿ. ಮುಂಬಯಿಯಿಂದ ಪುಣೆಗೆ ರೈಲಿನಲ್ಲಿ ಹೋದವರು ಸಹ್ಯಾದ್ರಿಯನ್ನು ಕಂಡಿರಬಹುದು. ಹತ್ತಿರದ ಬೆಟ್ಟ ಕಡುಬಣ್ಣದ್ದು, ಅದರ ಹಿಂದಿನದು ನೀಲಿ, ಅದರಾಚೆಯದು ಇನ್ನೂ ತೆಳುನೀಲಿ. ನಡುವಣ ಗಾಳಿಯು ಬೆಳಕಿನ ನೀಲಾಂಶವನ್ನು ಹೆಚ್ಚಾಗಿ ಚದರಿಸುವುದೇ ಇದಕ್ಕೆ ಕಾರಣ. ಆದುದರಿಂದ ದೂರದ ಬೆಟ್ಟವನ್ನು ತೀರ ತಿಳಿಯಾಗಿ ಮೊದಲು ಬರೆದು, ಅದು ಒಣಗಿದ ಮೇಲೆ ಮುಂದಿನದನ್ನು ಗಾಢವಾಗಿ ಬರೆಯಬೇಕು.

ಚಿತ್ರ ಕೆಟ್ಟರೆ ಹರಿದೆಸೆಯಬೇಡಿ, ಅದರಿಂದ ಮಣಿಗಳಾಗುತ್ತವೆ. ಬುಡದಲ್ಲಿ ಒಂದು ಅಂಗುಲ ಅಗಲವಿದ್ದು, ಹತ್ತು ಅಂಗುಲ ಉದ್ದಕ್ಕೆ ಚೂಪಾಗುತ್ತ ಹೋಗುವ ಪಟ್ಟಿಗಳನ್ನು ಕತ್ತರಿಸಿರಿ. ಅಗಲವಾದ ಬುಡವನ್ನು ದಬ್ಬಣಕ್ಕೆ ಒಂದು ಸುತ್ತು ಸುತ್ತಿ, ಉಳಿದ ಭಾಗದ ಹಿಂಬದಿಗೆ ತೆಳುವಾಗಿ ಅಂಟು ಸವರಿ, ತುದಿಯವರೆಗೆ ಬಿಗಿಯಾಗಿ ಸುರುಳಿ ಸುತ್ತಿರಿ. ಮೊದಲ ಸುತ್ತಿಗೆ ಅಂಟು ತಾಗಿದರೆ ಮಣಿ ದಬ್ಬಣವನ್ನು ಬಿಡದು.

ಇಲ್ಲೊಂದು ಸೋಜಿಗವಿದೆ. ಪಟ್ಟಿಯ ನಡುವೆ ಬಳಿದುದೆಲ್ಲ ಸುರುಳಿಯೊಳಗೆ ಅಡಗಿಹೋಗಿ, ಎರಡು ಅಂಚುಗಳೂ ಕೊನೆಯ ತುದಿಯೂ ಮಾತ್ರ ಹೊರಗೆ ಕಾಣುತ್ತವೆ. ಬುಡದಲ್ಲಿ ಗಾಢವಾಗಿಯೂ ತುದಿಯಲ್ಲಿ ತಿಳಿಯಾಗಿಯೂ ಇರುವ ಪಟ್ಟಿಯಿಂದ, ಎರಡು ಕೊನೆಗಳಲ್ಲಿ ಕಪ್ಪುನೀಲಿ, ನಡುವೆ ಬೆಳಗಿನ ಆಕಾಶದ ನೀಲಿಯುಳ್ಳ ಮಣಿಯಾಗುತ್ತದೆ. ಚಿತ್ರದಲ್ಲಿ ಅಲಕ್ಷಿಸಿದ ಅಂಚು ಮಣಿಯಲ್ಲಿ ಮುಖವಾಗುತ್ತದೆ.

ಮಣಿಗಳು ಒಣಗಿದ ಬಳಿಕ ತಿಳಿಯಿಂದ ಗಾಢಕ್ಕೆ ಸಾಲಾಗಿ ಪೋಣಿಸಿರಿ. ಒಂದೇ ಬಗೆಯವೆಂದು ತಿಳಿದಿದ್ದ ಎರಡು ಮಣಿಗಳು ಅಕ್ಕಪಕ್ಕದಲ್ಲಿ ಬಂದಾಗ ಬೇರೆ ಬೇರೆಯಾಗಿ ತೋರುವುವು. ಆ ಭೇದವನ್ನು ಗುರುತಿಸಿದ ಕಣ್ಣಿಗೆ, ಮುಚ್ಚಿಟ್ಟಿದ್ದ ಹನ್ನೊಂದು ಬಣ್ಣಗಳು ಮರುವಾರ ಹೊಸದಾಗಿ ಕಾಣದೆ ಇರಲಾರವು.