ಕಾಂತೀಯ ನ್ಯಾನೊ ಕಣಗಳು: ಬೆಲೆ ಕಬ್ಬಿಣಕ್ಕಲ್ಲ, ಸಮಗಾತ್ರಕ್ಕೆ

ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೊಮೀಟರ್. ಕಬ್ಬಿಣದ ಆಕ್ಸೈಡುಗಳಲ್ಲೊಂದಾದ ಮ್ಯಾಗ್ನೆಟೈಟನ್ನು 10ರಿಂದ 20 ನ್ಯಾನೊಮೀಟರಿನಷ್ಟು ಸೂಕ್ಷ್ಮ ಕಣಗಳನ್ನಾಗಿಸಿದಾಗ ಅದಕ್ಕೆ ವಿಶೇಷ ಗುಣವೊಂದು ಪ್ರಾಪ್ತವಾಗುತ್ತದೆ. ಅಯಸ್ಕಾಂತ ಸಮೀಪಿಸಿದಾಗ ಕಣಗಳು ಅದರತ್ತ ಸೆಳೆಯಲ್ಪಡುತ್ತವೆ; ದೂರ ಸರಿದೊಡನೆ ಕಾಂತತ್ವವನ್ನು ತೊರೆಯುತ್ತವೆ. ಈ ಗುಣವನ್ನು ಆಧರಿಸಿ ಹಲವು ಉತ್ಪನ್ನಗಳು ಮಾರುಕಟ್ಟೆಗೆ ಬಂದಿವೆ.

1963ರಲ್ಲಿ ಅಮೆರಿಕದ ನಾಸಾ ಸಂಸ್ಥೆಯ ಸ್ಟೀವ್ ಪ್ಯಾಪೆಲ್ ಅವರು, ತೂಕರಹಿತ ಸ್ಥಿತಿಯಲ್ಲಿ ರಾಕೆಟ್ ಇಂಧನವನ್ನು ಅಯಸ್ಕಾಂತದಿಂದ ಸೆಳೆಯುವ ಉದ್ದೇಶದಿಂದ ಕಾಂತೀಯ ದ್ರವವನ್ನು ಸಿದ್ಧಪಡಿಸಿದರು. ಈ ಬಗೆಯ ದ್ರವವು ಮುಂದೆ ಭೂಮಿಯ ಮೇಲೆಯೇ ನೆಲೆ ಕಂಡಿತು. ನಿರ್ವಾತ ಯಂತ್ರಗಳಲ್ಲಿ ತಿರುಗುವ ದಂಡದ ಸುತ್ತ ಸವೆಯದ ಸೀಲ್ ಆಗಿಯೂ, ಧ್ವನಿವರ್ಧಕಗಳಲ್ಲಿ ಸುರುಳಿಯ ಶಾಖವನ್ನು ಹೊರಸಾಗಿಸಲೂ ಅದು ಬಳಕೆಯಲ್ಲಿದೆ. 2006ರಲ್ಲಿ ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಸಂಶೋಧಕರು 12 ನ್ಯಾನೊಮೀಟರಿನ ಕಣಗಳಿಂದ ನೀರಿನಲ್ಲಿನ ಆರ್ಸೆನಿಕ್ ವಿಷವನ್ನು ಹೀರಿಸಿ, ಆ ಕಣಗಳನ್ನು ಅಯಸ್ಕಾಂತದಿಂದ ಬೇರ್ಪಡಿಸಿ ತೋರಿಸಿದರು.

2020ರ ಕೋವಿಡ್ ಕಾಲದಲ್ಲಿ ಇಂತಹ ಕಣಗಳ ಮಹತ್ವ ಜಗತ್ತಿಗೇ ಮನವರಿಕೆಯಾಯಿತು. ಕಣಗಳನ್ನು ಒಳಗೊಂಡ ಸಿಲಿಕಾ ಲೇಪಿತ ಮಣಿಗಳಿಗೆ ವೈರಾಣುವಿನ ಆರ್‌ಎನ್‌ಎ ಅಂಟಿಕೊಳ್ಳುತ್ತದೆ. ಅಯಸ್ಕಾಂತವು ಮಣಿಗಳನ್ನು ಹಿಡಿದಿಟ್ಟಾಗ ಉಳಿದ ದ್ರವವನ್ನು ತೆಗೆದುಹಾಕಬಹುದು. ಆರ್‌ಎನ್‌ಎ ಬೇರ್ಪಡಿಸುವ ಕಿಟ್‌ಗಳಿಗೆ ಆಗ ಅನೇಕ ದೇಶಗಳಲ್ಲಿ ಅಭಾವ ತಲೆದೋರಿತ್ತು.

ತಯಾರಿಕೆಯ ಮೂಲಸೂತ್ರ ಸರಳ. ಫೆರಿಕ್ ಮತ್ತು ಫೆರಸ್ ಲವಣಗಳನ್ನು ಮೋಲ್ ಲೆಕ್ಕದಲ್ಲಿ 2:1ರಂತೆ ನೀರಿನಲ್ಲಿ ಕರಗಿಸಿ, ಗಾಳಿಯ ಸೋಂಕಿಲ್ಲದಂತೆ ಅಮೋನಿಯಾ ಬೆರೆಸಿದರೆ ಕಪ್ಪು ಗಸಿ ಇಳಿಯುತ್ತದೆ. ಈ ರಾಸಾಯನಿಕಗಳು ದುರ್ಲಭವೂ ಅಲ್ಲ, ದುಬಾರಿಯೂ ಅಲ್ಲ. ಹಾಗಾದರೆ ಬೆಲೆ ಯಾವುದಕ್ಕೆ? ಪ್ರತಿ ಬ್ಯಾಚಿನಲ್ಲೂ ಒಂದೇ ಗಾತ್ರ, ಕಣಗಳು ಗಂಟುಕಟ್ಟದಂತೆ ತಡೆಯುವ ಲೇಪನ ಮತ್ತು ಅವನ್ನು ದೃಢಪಡಿಸುವ ಪರೀಕ್ಷಾ ವರದಿಗೆ. ರಕ್ಷಣೆಯಿಲ್ಲದ ಕಣಗಳು ಗಾಳಿಗೆ ತೆರೆದುಕೊಂಡಾಗ ಕ್ರಮೇಣ ಕಂದುಬಣ್ಣಕ್ಕೆ ತಿರುಗಿ ಬೇರೆಯೇ ಆಕ್ಸೈಡ್ ಆಗುತ್ತವೆ. ಅಂತಹ ಸರಕು ತಿರಸ್ಕೃತವಾದರೆ ನಷ್ಟ ತಯಾರಕನದೇ.

ಆದುದರಿಂದ ಈ ಕ್ಷೇತ್ರಕ್ಕೆ ಕಾಲಿಡಬಯಸುವ ಉದ್ದಿಮೆದಾರರು ಯಂತ್ರಗಳಿಗೆ ಬಂಡವಾಳ ತೊಡಗಿಸುವ ಮುನ್ನ ಪರೀಕ್ಷೆಯ ವ್ಯವಸ್ಥೆಯನ್ನು ಖಚಿತಪಡಿಸಿಕೊಳ್ಳುವುದು ಲೇಸು. ಕಾಂತೀಯ ನ್ಯಾನೊ ದ್ರವಗಳ ಯಾವ ಗುಣಗಳನ್ನು ಅಳೆದು ನಮೂದಿಸಬೇಕೆಂಬುದನ್ನು ಐಎಸ್‌ಒ ಸಂಸ್ಥೆಯು 2019ರಲ್ಲಿ ಪ್ರಕಟಿಸಿದ ಟಿಎಸ್ 19807-1 ಎಂಬ ತಾಂತ್ರಿಕ ದಾಖಲೆ ವಿವರಿಸುತ್ತದೆ. ಒಣಪುಡಿ ಉಸಿರಿನೊಡನೆ ಒಳಸೇರದಂತೆ ಕಾರ್ಮಿಕರಿಗೆ ರಕ್ಷಣೆ ಒದಗಿಸುವುದೂ ಅಷ್ಟೇ ಅಗತ್ಯ. ವರ್ತಕರು ಸಹ ದರಪಟ್ಟಿಗಿಂತ ಮೊದಲು ಬ್ಯಾಚಿನ ಪರೀಕ್ಷಾ ವರದಿಯನ್ನು ಕೇಳಿ ಪಡೆಯುವುದು ಒಳಿತು.